ಗುರಿ ತಪ್ಪಿದೆ ಎಂಬ ಷರಾ

ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಮೇಲಿನವರಿಗೂ ಕೆಳಗಿನವರಿಗೂ ಅವಳು ಷರಾ ಮೇಡಂ. ಇಪ್ಪತ್ತೆರಡು ವರ್ಷ ಒಂದೇ ಮೇಜು, ಒಂದೇ ಕಿಟಕಿ, ಒಂದೇ ಕೆಲಸ. ಆಕಾಶದಲ್ಲಿದ್ದ ದುರ್ಬೀನು ಹಿಂದಿನ ದಿನ ಇಳಿಸಿದ ಚಿತ್ರಗಳನ್ನು ಬೆಳಿಗ್ಗೆ ಒಂದೊಂದಾಗಿ ಪರದೆಯ ಮೇಲೆ ತೆರೆಯಬೇಕು, ಬಳಸಬಹುದೋ ಇಲ್ಲವೋ ನೋಡಬೇಕು, ದಾಖಲೆಯ ಕೊನೆಯ ಕಲಂನಲ್ಲಿ ಒಂದು ಸಾಲು ಷರಾ ಬರೆಯಬೇಕು. 'ಸರಿಯಿದೆ.' 'ಬೆಳಕು ಹೆಚ್ಚಾಗಿದೆ.' 'ನಡುವೆ ಕಲೆ ಇದೆ.' ಅಷ್ಟೇ. ಆದರೆ ಅಷ್ಟೇ ಎಂದು ಯಾರೂ ಅನ್ನುತ್ತಿರಲಿಲ್ಲ, ಏಕೆಂದರೆ ಅವಳು 'ಬಳಸಬೇಡಿ' ಎಂದು ಬರೆದ ಚಿತ್ರವನ್ನು ಎಂಥ ವಿಜ್ಞಾನಿಯೂ ಮತ್ತೆ ತೆರೆದು ನೋಡುತ್ತಿರಲಿಲ್ಲ. ಅವಳ ಮಾತು ಅಲ್ಲಿ ಕೊನೆಯ ಮಾತು. ಇದು ಅವಳಿಗೂ ಚೆನ್ನಾಗಿ ಗೊತ್ತಿತ್ತು, ಸ್ವಲ್ಪ ಹೆಚ್ಚೇ ಚೆನ್ನಾಗಿ ಗೊತ್ತಿತ್ತು.

ಆ ದುರ್ಬೀನಿನ ವಿಷಯ ಎರಡು ಮಾತು ಹೇಳಬೇಕು. ನಕ್ಷತ್ರದ ಬೆಳಕಿನಲ್ಲಿ ನೇರಳೆ ಬಣ್ಣದಿಂದಲೂ ಆಚೆಗಿನ ಒಂದು ಪಾಲಿದೆ. ಅದು ನಮ್ಮ ಕಣ್ಣಿಗೆ ಕಾಣುವುದಿಲ್ಲ; ನಮ್ಮ ತಲೆಯ ಮೇಲಿನ ಗಾಳಿ ಅದನ್ನು ನೆಲದವರೆಗೆ ಬಿಡುವುದೂ ಇಲ್ಲ. ಅದನ್ನು ನೋಡಲೆಂದೇ ಒಂದು ದುರ್ಬೀನನ್ನು ಗಾಳಿಯ ಆಚೆಗೆ ಕಳಿಸಿ, ಇಲ್ಲಿ ಮೂರು ಮಹಡಿಯ ಬೂದು ಕಟ್ಟಡವೊಂದರಲ್ಲಿ ಕೂತು ಅದನ್ನು ಆಡಿಸುತ್ತಿದ್ದರು. ಮೊದಲ ಮಹಡಿಯಲ್ಲಿ ಕನ್ಸೋಲ್. ಅಲ್ಲಿ ಕೂತ ಆಪರೇಟರ್ ಪರದೆಯ ಮೇಲೆ ಕಾಣುವ ಚುಕ್ಕೆಗಳಲ್ಲಿ ಬೇಕಾದ ನಕ್ಷತ್ರವನ್ನು ಗುರುತಿಸಿ, ಅದನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸಿ, ಒಂದು ಸಣ್ಣ ಸೀಳಿನ ನಡುವೆ ತಂದು ನಿಲ್ಲಿಸಬೇಕು. ಸರಿಯಾಗಿ ನಿಂತರೆ ಬೆಳಕು ಒಳಗೆ ಹೋಗಿ ಬಣ್ಣಬಣ್ಣವಾಗಿ ಹರಡಿ ಒಂದು ಪಟ್ಟಿಯಾಗಿ ಬೀಳುತ್ತದೆ. ಚೂರು ಜಾರಿದರೂ ಪಟ್ಟಿ ಮಂಕಾಗುತ್ತದೆ.

ಹಗಲು ಪಾಳಿಯ ಆಪರೇಟರ್ ಅವಳ ಭಾವ. ಅಕ್ಕನ ಗಂಡ ಎಂದಷ್ಟೇ ಹೇಳಿದರೆ ಸಾಲದು. ಹನ್ನೊಂದನೇ ವಯಸ್ಸಿಗೆ ಹೆತ್ತವರನ್ನು ಕಳೆದುಕೊಂಡು ಇವಳು ಅಕ್ಕನ ಮನೆಗೆ ಬಂದಾಗ ಆ ಮನುಷ್ಯನಿಗೆ ಮದುವೆಯಾಗಿ ಎಂಟು ತಿಂಗಳು, ಇದ್ದದ್ದು ಎರಡು ಕೋಣೆ. ಬೇರೆಯವರಾಗಿದ್ದರೆ ಮುಖ ಸಿಂಡರಿಸುತ್ತಿದ್ದರು. ಭಾವ ಅಡುಗೆಮನೆಯ ಗೋಡೆಗೆ ಒಂದು ಹಲಗೆ ಹೊಡೆದು, "ಇದು ನಿನ್ನ ಓದೋ ಮೇಜು. ಇದರ ಮೇಲೆ ನಿಮ್ಮಕ್ಕ ಪಾತ್ರೆ ಇಟ್ರೆ ನನಗೆ ಹೇಳು" ಎಂದಿದ್ದರು. ಭಾಗಾಕಾರ ಹೇಳಿಕೊಟ್ಟವರು ಅವರು, ಈ ಕೆಲಸಕ್ಕೆ ಅರ್ಜಿ ತಂದುಕೊಟ್ಟವರೂ ಅವರು. ಅವಳು ಆಮೇಲೆ ಎರಡು ಬೀದಿ ಆಚೆ ಒಂದು ಕೋಣೆ ಮಾಡಿಕೊಂಡು ಒಬ್ಬಳೇ ಇದ್ದಳು, ಆದರೆ ಭಾನುವಾರದ ಊಟ ತಪ್ಪದೆ ಅಕ್ಕನ ಮನೆಯಲ್ಲೇ.

ಭಾವ ತೆಗೆಯುವುದು, ನಾದಿನಿ ಪಾಸು ಮಾಡುವುದು ಎಂದರೆ ಕ್ಯಾಂಟೀನಿನವರು ಸುಮ್ಮನಿರುತ್ತಾರೆಯೇ? "ಮನೆ ವ್ಯವಹಾರ ಬಿಡಿ" ಎಂದು ಒಬ್ಬರು, "ತಪ್ಪಿದ್ರೂ ಅಡುಗೆಮನೇಲೇ ಸರಿ ಹೋಗುತ್ತೆ" ಎಂದು ಇನ್ನೊಬ್ಬರು. ಭಾವ ನಕ್ಕು ಸುಮ್ಮನಾಗುತ್ತಿದ್ದರು. ಇವಳಿಗೆ ಮಾತ್ರ ಅದು ಚುಚ್ಚುತ್ತಿತ್ತು. ತಾನು ಯಾರ ಮುಲಾಜಿಗೂ ಬೀಳುವವಳಲ್ಲ ಎಂದು ತೋರಿಸಲು ಭಾವನ ಚಿತ್ರಗಳನ್ನು ಎರಡು ಸಲ ನೋಡುತ್ತಿದ್ದಳು. ಬೇರೆಯವರ ಪಟ್ಟಿ ಸ್ವಲ್ಪ ಮಂಕಾಗಿದ್ದರೆ 'ಪರವಾಗಿಲ್ಲ' ಎಂದು ಬರೆಯುವ ಕೈ, ಭಾವನದ್ದಾದರೆ 'ಮಂಕಾಗಿದೆ' ಎಂದು ಬರೆಯುತ್ತಿತ್ತು. ಅದನ್ನು ಅವಳು ನ್ಯಾಯ ಎಂದುಕೊಂಡಿದ್ದಳು. ಅದು ನ್ಯಾಯವಲ್ಲ, ಜಂಬ.

ಆ ದಿನದ ಚಿತ್ರ ಒಂದು ವಿಚಿತ್ರ ನಕ್ಷತ್ರದ್ದು. ದಾಖಲೆಯಲ್ಲಿ ಅದಕ್ಕೆ ಉದ್ದದ ನಂಬರ್ ಇತ್ತು, ಕಚೇರಿಯಲ್ಲಿ ಅದನ್ನು ಮಸಿಯಣ್ಣ ಎನ್ನುತ್ತಿದ್ದರು. ವರ್ಷಗಟ್ಟಲೆ ಒಂದೇ ಸಮ ಬೆಳಗುತ್ತಿದ್ದು, ಇದ್ದಕ್ಕಿದ್ದಂತೆ ತನ್ನೊಳಗಿನ ಇಂಗಾಲವನ್ನು ಹೊರಗೆ ಊದಿ, ಆ ಮಸಿಯ ಹಿಂದೆ ತಾನೇ ಮುಸುಕು ಹಾಕಿಕೊಳ್ಳುವ ಜಾತಿ ಅದು. ಯಾವಾಗ ಊದುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ಊದಲು ಶುರುಮಾಡಿದ ಮೊದಲ ದಿನಗಳಲ್ಲೇ ಅದನ್ನು ಹಿಡಿಯಬೇಕು ಎಂದು ಒಬ್ಬ ಪ್ರೊಫೆಸರ್ ಆರು ವರ್ಷದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು. ಅವರಿಗಾಗಿ ಹದಿನೈದು ದಿನಕ್ಕೊಮ್ಮೆ ಮಸಿಯಣ್ಣನ ಒಂದು ಚಿತ್ರ ತೆಗೆಯುವುದು ಪದ್ಧತಿ.

ಪಟ್ಟಿ ಮಂಕಾಗಿತ್ತು. ಇರಬೇಕಾದ್ದರ ಅರ್ಧದಷ್ಟೂ ಇರಲಿಲ್ಲ.

ಅವಳು ಕೆಳಗೆ ಫೋನ್ ಮಾಡಿದಳು. "ಭಾವ, ನಿನ್ನೆ ಮಸಿಯಣ್ಣ ಸೀಳಿನಿಂದ ಜಾರಿದ ಹಾಗಿದೆ."

"ಇಲ್ಲಮ್ಮ, ನಟ್ಟನಡುವೆ ಇತ್ತು. ಒಳಗೆ ಬಿಡೋ ಮುಂಚೆ ನೋಡಿದೆ, ಮುಗಿದ ಮೇಲೂ ತೆಗೆದು ನೋಡಿದೆ. ಇದ್ದ ಜಾಗದಲ್ಲೇ ಇತ್ತು, ಚೆನ್ನಾಗೇ ಹೊಳೀತಿತ್ತು."

ಭಾವ ಹೇಳಿದ್ದರಲ್ಲೇ ಉತ್ತರವಿತ್ತು. ಕನ್ಸೋಲಿನ ಪರದೆ ತೋರಿಸುವುದು ಕಣ್ಣಿಗೆ ಕಾಣುವ ಬೆಳಕನ್ನು. ಮಸಿ ಮೊದಲು ತೆಳ್ಳಗೆ ಕವಿದಾಗ ಆ ಬೆಳಕು ಅಷ್ಟೇನೂ ತಗ್ಗುವುದಿಲ್ಲ, ನೇರಳೆಯಾಚೆಯದು ಮಾತ್ರ ದಬಕ್ಕನೆ ಬೀಳುತ್ತದೆ. ನಕ್ಷತ್ರ ನಡುವೆಯೂ ಇತ್ತು, ಹೊಳೆಯುತ್ತಲೂ ಇತ್ತು, ಆದರೂ ಪಟ್ಟಿ ಮಂಕಾಗಿದೆ ಎಂದರೆ ಧೂಳು. ತಿಳಿಯಲು ದಾರಿಯೂ ಇತ್ತು. ಹಳೆಯ ಒಳ್ಳೆಯ ಚಿತ್ರದಿಂದ ಹೊಸದನ್ನು ಭಾಗಿಸಿ ನೋಡಬೇಕು. ಗುರಿ ಜಾರಿದ್ದರೆ ಎಲ್ಲ ಬಣ್ಣವೂ ಒಂದೇ ಸಮ ತಗ್ಗಿರುತ್ತದೆ. ಧೂಳಾದರೆ ಕೆಲವು ಬಣ್ಣಗಳನ್ನು ಹೆಚ್ಚು ತಿಂದಿರುತ್ತದೆ, ಒಂದು ಕಡೆ ಹೊಂಡ ತೋಡಿದಂತೆ ಕಾಣುತ್ತದೆ. ಹತ್ತು ನಿಮಿಷದ ಕೆಲಸ.

ಅವಳ ಕೈ ಹಳೆಯ ಚಿತ್ರದ ನಂಬರಿಗೆ ಹೋಗಿತ್ತು. ಅಷ್ಟರಲ್ಲಿ ಪಕ್ಕದ ಮೇಜಿನವನು ಲೋಟ ಹಿಡಿದು ಹಿಂದೆ ನಿಂತ. "ಏನ್ ಮೇಡಂ, ಫೋನ್ ಬೇರೆ ಮಾಡಿದ್ರಿ. ಭಾವನ ಚಿತ್ರಕ್ಕೆ ಸ್ಪೆಷಲ್ ಆರೈಕೆನಾ?"

ಅವಳ ಕಿವಿ ಬಿಸಿಯಾಯಿತು. ಕೈ ಹಿಂದಕ್ಕೆ ಬಂತು. ಕೊನೆಯ ಕಲಂನಲ್ಲಿ ಬರೆದಳು: 'ಗುರಿ ತಪ್ಪಿದೆ. ಆಪರೇಟರ್ ದೋಷ. ಬಳಸಬೇಡಿ.'

ಪಕ್ಕದವನು "ಅಬ್ಬಾ" ಎಂದು ಹೋದ. ಅವಳಿಗೆ ಮನಸ್ಸಿನಲ್ಲಿ ಒಂದು ಥರ ಹಿತವಾಯಿತು. ಆ ಹಿತ ನೆನಪಾದಾಗಲೆಲ್ಲ ಮುಂದೆ ಅವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಒಂದು ವರ್ಷದಲ್ಲಿ ಮೂರು ಸಲ ಆಪರೇಟರ್ ದೋಷ ಎಂದಾದರೆ ಕನ್ಸೋಲ್ ಬಿಡಬೇಕು, ಇದು ಅಲ್ಲಿಯ ನಿಯಮ. ಭಾವನಿಗೆ ಆ ವರ್ಷ ಆಗಲೇ ಎರಡಾಗಿದ್ದವು. ಒಮ್ಮೆ ಕನ್ನಡಕ ಒಡೆದು ಹಳೆಯದನ್ನು ಹಾಕಿಕೊಂಡು ಬಂದಿದ್ದರು, ಇನ್ನೊಮ್ಮೆ ಒಂದರ ಪಕ್ಕ ಒಂದಿದ್ದ ಅವಳಿ ಚುಕ್ಕೆಗಳಲ್ಲಿ ಅದಲುಬದಲು ಮಾಡಿದ್ದರು. ಎರಡೂ ನಿಜವಾದ ತಪ್ಪೇ, ಅವರೂ ಒಪ್ಪಿಕೊಂಡಿದ್ದರು. ಮೂರನೆಯದು ಬಂದ ಮೇಲೆ ನಿರ್ದೇಶಕರು ಕರೆದು ಬಹಳ ಮರ್ಯಾದೆಯಿಂದಲೇ ಮಾತಾಡಿ, ಅವರನ್ನು ನೆಲಮಾಳಿಗೆಯ ಟೇಪು ಕೋಣೆಗೆ ಹಾಕಿದರು. ಸುರುಳಿ ಟೇಪುಗಳನ್ನು ನಂಬರ್ ಪ್ರಕಾರ ಜೋಡಿಸಿಡುವ ಕೆಲಸ. ಸಂಬಳ ಅದೇ, ಕುರ್ಚಿ ಮಾತ್ರ ಬೇರೆ.

ಆ ಭಾನುವಾರ ಅವಳು ಎದೆ ಗಟ್ಟಿಮಾಡಿಕೊಂಡು ಅಕ್ಕನ ಮನೆಗೆ ಹೋದಳು. ಭಾವ ಎಂದಿನಂತೆ ಬಾಗಿಲು ತೆಗೆದರು. "ಬಾ ಬಾ. ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ? ಕಂಡಿದ್ದು ಬರೆದೆ, ಅದೇ ನಿನ್ನ ಕೆಲಸ. ನನ್ನ ಮುಲಾಜು ನೋಡಿದ್ರೆ ಆಗ ಬೈತಿದ್ದೆ."

ಬೈದಿದ್ದರೆ ಒಳ್ಳೆಯದಿತ್ತು.

ಭಾವ ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದರು. ಡಾಕ್ಟರು, ವಯಸ್ಸಿಗೆ ಕಣ್ಣು ಬಹಳ ಚೆನ್ನಾಗಿದೆ ಎಂದು ಬೆನ್ನು ತಟ್ಟಿ ಕಳಿಸಿದರು. ಬೇರೆಯವರಿಗಾದರೆ ಅದು ಒಳ್ಳೆಯ ಸುದ್ದಿ. ಭಾವ ಮಾತ್ರ ಅಂದಿನಿಂದ ಮೆತ್ತಗಾದರು. ಅವರ ತಂದೆಗೆ ಅರವತ್ತು ದಾಟಿದ ಮೇಲೆ ಬುದ್ಧಿ ಮಂಕಾಗಿ, ಇಲ್ಲದ್ದು ಇದ್ದಂತೆ ಕಾಣುತ್ತಿತ್ತು. ಖಾಲಿ ಕೈಯಲ್ಲಿ ಪತ್ರಿಕೆ ಹಿಡಿದಂತೆ ಕೂತು ಓದುತ್ತಿದ್ದರಂತೆ. ಭಾವ ಒಂದು ದಿನ ಅಕ್ಕನಿಗೆ ಹೇಳಿದರು: "ಆವತ್ತು ನಕ್ಷತ್ರ ನಡುವೆ ಇತ್ತು ಅಂತ ನಾನು ಈಗಲೂ ಆಣೆ ಮಾಡಿ ಹೇಳ್ತೀನಿ. ಕಣ್ಣು ಸರಿ ಇದೆ. ಆದ್ರೂ ಅದು ಅಲ್ಲಿ ಇರಲಿಲ್ಲ. ಹಾಗಾದ್ರೆ ನಾನು ನೋಡಿದ್ದೇನು?"

ಅಲ್ಲಿಂದ ಅವರು ತಮ್ಮನ್ನು ತಾವೇ ಕಾವಲು ಕಾಯತೊಡಗಿದರು. ಸ್ಟೌ ಆರಿಸಿ ಮೂರು ಸಲ ಹೋಗಿ ನೋಡುವುದು. ಬಾಗಿಲಿಗೆ ಬೀಗ ಹಾಕಿ, ಹಾಕಿದೆನಾ ಎಂದು ಅಕ್ಕನನ್ನು ಕೇಳುವುದು. ಕೊನೆಗೆ ಬೀಗದ ಕೈಯನ್ನೇ ಅಕ್ಕನಿಗೆ ಕೊಟ್ಟುಬಿಟ್ಟರು. ಗಡಿಯಾರ ರಿಪೇರಿ ಮಾಡುವ ಹವ್ಯಾಸವಿತ್ತು, ಅದೂ ನಿಂತಿತು. ಕೇಳಿದರೆ ನಗುತ್ತಾ, "ನನ್ನ ಮೇಲೆ ನನಗೆ ಗ್ಯಾರಂಟಿ ಇಲ್ಲಮ್ಮ" ಎನ್ನುತ್ತಿದ್ದರು.

ಎರಡು ವರ್ಷ ಕಳೆಯಿತು. ಒಂದು ದಿನ ಮಸಿಯಣ್ಣ ನಿಜಕ್ಕೂ ಮುಸುಕು ಹಾಕಿಕೊಂಡ. ಈ ಸಲ ನೆಲದಿಂದ ನೋಡುವವರೂ ಕಂಡು ಹೇಳಿದರು, ಪ್ರೊಫೆಸರ್ ಓಡೋಡಿ ಬಂದರು, ದಿನಕ್ಕೊಂದರಂತೆ ಚಿತ್ರ ತೆಗೆದರು. ಎಲ್ಲವೂ ಷರಾ ಮೇಡಂ ಮೇಜಿಗೇ ಬಂದವು. ಮೊದಲ ದಿನದ ಪಟ್ಟಿಯನ್ನು ತೆರೆದ ಕೂಡಲೇ ಅವಳು ಪರದೆಯ ಹತ್ತಿರಕ್ಕೆ ಬಾಗಿದಳು. ಇದನ್ನು ತಾನು ನೋಡಿದ್ದೇನೆ. ಸಾವಿರಾರು ಪಟ್ಟಿ ನೋಡಿದ ಕಣ್ಣು ಅದು, ಮರೆಯುವಂಥದ್ದಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ಅಂದು ತಾನು ಬೇಡವೆಂದಿದ್ದ ಚಿತ್ರವನ್ನು ತೆರೆದು ಭಾಗಿಸಿದಳು. ಹತ್ತು ನಿಮಿಷವೂ ಬೇಕಾಗಲಿಲ್ಲ, ಏಳೇ ನಿಮಿಷ. ಎಲ್ಲ ಬಣ್ಣವೂ ಒಂದೇ ಸಮ ತಗ್ಗಿರಲಿಲ್ಲ. ನೇರಳೆಯಾಚೆ ಹೋದಂತೆಲ್ಲ ಇಳಿದು ಇಳಿದು, ಇಂಗಾಲದ ಮಸಿ ತಿನ್ನುವ ಜಾಗದಲ್ಲಿ ಹೊಂಡ ಬಿದ್ದಿತ್ತು. ಈಗಿನ ಚಿತ್ರದ ಗೆರೆಯನ್ನು ಅದರ ಮೇಲಿಟ್ಟರೆ ಎರಡೂ ಒಂದರ ಮೇಲೊಂದು ಕೂತವು. ಆ ಸಲದ್ದು ತೆಳು ಮುಸುಕು, ಕೆಲವು ವಾರದಲ್ಲೇ ಸರಿದು ಹೋಗಿರಬೇಕು. ಅದೇ ವೇಳೆಗೆ ಆಕಾಶದಲ್ಲಿ ಸೂರ್ಯ ಆ ನಕ್ಷತ್ರದ ಹತ್ತಿರಕ್ಕೆ ಸರಿದಿದ್ದರಿಂದ ಆಮೇಲೆ ಕೆಲವು ವಾರ ದುರ್ಬೀನನ್ನೂ ಅತ್ತ ತಿರುಗಿಸುವಂತಿರಲಿಲ್ಲ, ನೆಲದಿಂದ ನೋಡುವವರ ಕಣ್ಣಿಗೂ ಬಿದ್ದಿರಲಿಲ್ಲ. ಕಂಡಿದ್ದು ಭಾವ ತೆಗೆದ ಆ ಒಂದೇ ಚಿತ್ರಕ್ಕೆ. ಗುರಿ ತಪ್ಪಿರಲಿಲ್ಲ. ತಪ್ಪಿದ್ದು ಅವಳು.

ಅವಳು ಆಗಲೇ ಎದ್ದಳು, ಅಷ್ಟನ್ನು ಅವಳ ಪರವಾಗಿ ಹೇಳಲೇಬೇಕು. ನೆಲಮಾಳಿಗೆಗೆ ಹೋಗಲು ಮೆಟ್ಟಿಲಿಳಿದಳು. ಮಧ್ಯದಲ್ಲಿ ನಿರ್ದೇಶಕರು ಎದುರಾದರು. "ಒಳ್ಳೇದಾಯ್ತು ಸಿಕ್ಕಿದ್ರಿ. ಮುಂದಿನ ತಿಂಗಳಿಂದ ಪರಿಶೀಲನಾ ವಿಭಾಗಕ್ಕೆ ನೀವೇ ಮುಖ್ಯಸ್ಥರು. ಇಪ್ಪತ್ತು ವರ್ಷದಲ್ಲಿ ಒಂದು ಷರಾ ಕೂಡ ತಿದ್ದುಪಡಿಗೆ ಬಂದಿಲ್ಲ ಅಂದ್ರೆ ಏನು ಸಾಮಾನ್ಯವೇ?" ಅವಳು ನಮಸ್ಕಾರ ಮಾಡಿ, ಬಂದ ದಾರಿಯಲ್ಲೇ ಮೇಲೆ ಹತ್ತಿದಳು. ಭಾನುವಾರ ಮನೆಯಲ್ಲಿ ಹೇಳೋಣ, ನಿಧಾನವಾಗಿ ಹೇಳೋಣ ಎಂದುಕೊಂಡಳು.

ಭಾನುವಾರ ಅಕ್ಕನಿಗೆ ತಲೆನೋವು. ಮುಂದಿನ ಭಾನುವಾರ ಅಕ್ಕನ ಮಗಳೂ ಅಳಿಯನೂ ಬಂದಿದ್ದರು. ಅದರ ಮುಂದಿನ ಸಲ ಭಾವ ಯಾಕೋ ಖುಷಿಯಾಗಿದ್ದರು, ಕೆದಕುವುದು ಬೇಡವೆನಿಸಿತು. ನೆಪ ಹುಡುಕುವವರಿಗೆ ಬರವೇ? ದಿನ ಹೋದಂತೆ ಹೇಳುವುದು ಇನ್ನೂ ಕಷ್ಟವಾಯಿತು. ಮೊದಲ ವಾರ ಹೇಳಿದ್ದರೆ ಅದು ತಪ್ಪು ಅನ್ನಿಸಿಕೊಳ್ಳುತ್ತಿತ್ತು. ಮೂರು ತಿಂಗಳಾದ ಮೇಲೆ ಅದಕ್ಕೆ ಬೇರೆ ಹೆಸರೇ ಬೇಕಾಗಿತ್ತು. ಒಮ್ಮೊಮ್ಮೆ ಅವಳು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು: ಅವರಿಗೆ ಟೇಪು ಕೋಣೆ ಅಭ್ಯಾಸವಾಗಿದೆ, ಕೆಳಗೆ ತಂಪಾಗಿದೆ, ಪಾಳಿಯ ಕಾಟವಿಲ್ಲ. ಹೀಗೆ ಹೇಳಿಕೊಂಡ ಸಂಜೆ ಊಟ ಸೇರುತ್ತಿರಲಿಲ್ಲ.

ಹಾಗಿರುವಾಗ ಅಕ್ಕನ ಮಗಳಿಗೆ ಗಂಡುಮಗುವಾಯಿತು. ಆಸ್ಪತ್ರೆಯ ಕೋಣೆಯಲ್ಲಿ ಎಲ್ಲರೂ ಇದ್ದರು. ಅಕ್ಕ ಎತ್ತಿಕೊಂಡಳು, ಷರಾ ಮೇಡಂ ಎತ್ತಿಕೊಂಡಳು, ಅಳಿಯ ಹೆದರಿ ಹೆದರಿ ಎತ್ತಿಕೊಂಡ. ಭಾವ ಕಿಟಕಿಯ ಹತ್ತಿರ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು.

"ಅಪ್ಪ, ನೀವೂ ಎತ್ಕೊಳ್ಳಿ" ಎಂದಳು ಮಗಳು.

"ಬೇಡಮ್ಮ, ಇಲ್ಲಿಂದಲೇ ಚೆನ್ನಾಗಿ ಕಾಣ್ತಾನೆ."

ಆಮೇಲೆ ಹೊರಗಿನ ಬೆಂಚಿನ ಮೇಲೆ ಕೂತಾಗ ಷರಾ ಮೇಡಂ ಕೇಳಿದಳು, "ಯಾಕೆ ಭಾವ, ಎತ್ಕೊಳ್ಳಲೇ ಇಲ್ಲ?"

ಭಾವ ಆಚೆ ಈಚೆ ನೋಡಿ ದನಿ ತಗ್ಗಿಸಿದರು. "ನಾನು ಹಿಡ್ಕೊಂಡಿದೀನಿ ಅಂತ ಅಂದ್ಕೊಂಡಿರ್ತೀನಿ. ಕೈ ಬಿಟ್ಟಿರುತ್ತೆ. ಆವತ್ತು ನಕ್ಷತ್ರದ ಹಾಗೆ. ಅದಾದ್ರೆ ಒಂದು ಚಿತ್ರ ಹೋಯ್ತು. ಇದು ಮಗು."

ಅವಳ ಬಾಯಿಗೆ ಬಂದಿತ್ತು. ನಾಲ್ಕೇ ಮಾತು: ನಕ್ಷತ್ರ ನಡುವೆ ಇತ್ತು ಭಾವ. ಅಷ್ಟು ಹೇಳಿದ್ದರೆ ಆ ಮನುಷ್ಯ ಎದ್ದು ಒಳಗೆ ಹೋಗಿ ಮಗುವನ್ನು ಎತ್ತಿಕೊಳ್ಳುತ್ತಿದ್ದರು. ಅವಳು ತನ್ನ ಚೀಲದ ಜಿಪ್ಪನ್ನು ಎಳೆದಳು, ಮತ್ತೆ ಮುಚ್ಚಿದಳು, "ಏನೂ ಆಗಲ್ಲ ಭಾವ, ಸುಮ್ಮನೆ ಹೆದರ್ತೀರಿ" ಎಂದಳು. ಇಂಥ ಪೊಳ್ಳು ಮಾತು ಯಾರು ಬೇಕಾದರೂ ಹೇಳಬಹುದಿತ್ತು. ನಿಜ ಹೇಳಬಲ್ಲವಳು ಇಡೀ ಲೋಕದಲ್ಲಿ ಅವಳೊಬ್ಬಳೇ.

ಮಗುವಿಗೆ ವರ್ಷ ತುಂಬಿ ಒಂದು ತಿಂಗಳಾಗುವ ಹೊತ್ತಿಗೆ ದುರ್ಬೀನಿಗೆ ವಯಸ್ಸಾಯಿತೆಂದು ಅದನ್ನು ನಿಲ್ಲಿಸಲು ಮೇಲಿನವರು ತೀರ್ಮಾನಿಸಿದರು. ಇಷ್ಟು ವರ್ಷದ ಚಿತ್ರಗಳೂ ಷರಾಗಳೂ ಕೊನೆಯ ಭಂಡಾರಕ್ಕೆ ಸೇರುತ್ತವೆ, ಆಮೇಲೆ ಒಂದಕ್ಷರವನ್ನೂ ತಿದ್ದುವಂತಿಲ್ಲ, ತಿದ್ದುಪಡಿ ಇದ್ದವರು ಶುಕ್ರವಾರದೊಳಗೆ ಕೊಡಬೇಕು ಎಂದು ಸುತ್ತೋಲೆ ಬಂತು. ಸುತ್ತೋಲೆಗೆ ಸಹಿ ಹಾಕಿ ಹಂಚಿದವಳು ಷರಾ ಮೇಡಮ್ಮೇ. ಭಾವನೂ ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಗುರಿ ತಪ್ಪಿದ ಆಪರೇಟರ್ ಎಂದೇ ಎಂದೆಂದಿಗೂ ಉಳಿಯುತ್ತಾರೆ, ಅದಕ್ಕಿಂತ ಹೆಚ್ಚಾಗಿ, ತಮ್ಮ ಕಣ್ಣು ಕೈಗಳನ್ನು ನಂಬದೆಯೇ ಮುದುಕರಾಗುತ್ತಾರೆ.

ಗುರುವಾರ ಬೆಳಿಗ್ಗೆ ಅವಳು ನಮೂನೆ ತೆಗೆದುಕೊಂಡಳು. ಮೂಲ ಷರಾ, ತಿದ್ದಿದ ಷರಾ, ಕಾರಣ. ಈ ಮೂರೂ ಸಲೀಸಾಗಿ ತುಂಬಿದವು. ಕದ್ದುಮುಚ್ಚಿ ಮುಗಿಸೋಣವೆಂದರೆ ಕೆಳಗೆ 'ಆ ದಿನದ ಆಪರೇಟರ್ ಸಹಿ' ಎಂದಿತ್ತು. ಅದರ ಮೇಲೆ ಇನ್ನೊಂದು ಕಲಂ: 'ತಪ್ಪು ಗೊತ್ತಾದ ದಿನಾಂಕ.' ಪೆನ್ನು ಅಲ್ಲಿ ನಿಂತಿತು. ನಿಜವಾದ ದಿನಾಂಕ ಅವಳಿಗೆ ಬಾಯಿಪಾಠ, ವಾರ ಗಳಿಗೆ ಸಮೇತ. ಅಂದು ಹಳೆಯ ಚಿತ್ರ ತೆರೆದು ಭಾಗಿಸಿದ್ದನ್ನು ನೋಡಿದವರು ಯಾರೂ ಇರಲಿಲ್ಲ. ಅವಳು ಅಂದಿನ ದಿನಾಂಕ ಬರೆದಳು, ಗುರುವಾರದ್ದು.

ಸಂಜೆ ಅಕ್ಕನ ಮನೆಯಲ್ಲಿ ದೀಪ ಹಾಕಿರಲಿಲ್ಲ, ಇನ್ನೂ ಬೆಳಕಿತ್ತು. ವಾರದ ನಡುವೆ ತಂಗಿ ಬಂದದ್ದು ನೋಡಿ ಅಕ್ಕ ಗಾಬರಿಯಾದಳು. ಅವಳು ಎಲ್ಲವನ್ನೂ ಹೇಳಿದಳು: ಮಸಿ, ಹೊಂಡ, ಒಂದರ ಮೇಲೊಂದು ಕೂತ ಎರಡು ಗೆರೆ. ಗೆರೆ ತೆಗೆದ ಕಾಗದವನ್ನೂ ತಂದಿದ್ದಳು. ಭಾವ ಅದನ್ನು ಕಿಟಕಿಗೆ ಒಯ್ದು ಬಹಳ ಹೊತ್ತು ನೋಡಿದರು.

"ಹಾಗಾದ್ರೆ ಅದು ನಡುವೇನೇ ಇತ್ತು."

"ಇತ್ತು ಭಾವ."

"ನಾನು ನೋಡಿದ್ದು ಅಲ್ಲಿ ಇತ್ತು."

"ಇತ್ತು."

"ಮಸಿಯಣ್ಣ ಊದೋಕೆ ಶುರುಮಾಡಿದ ಹೊತ್ತಿಗೇ ನನ್ನ ಕೈಗೆ ಸಿಕ್ಕಿದ್ದ" ಎಂದು ಭಾವ ತಮ್ಮಷ್ಟಕ್ಕೆ ನಕ್ಕರು. ಆಮೇಲೆ ಎರಡು ಅಂಗೈಗಳನ್ನೂ ಮುಂದೆ ಚಾಚಿ, ತಿರುಗಿಸಿ ಮುರುಗಿಸಿ ನೋಡಿಕೊಂಡರು. ಅಕ್ಕ ಕುರ್ಚಿಯಲ್ಲಿ ಕುಸಿದು ಕಣ್ಣೊರೆಸಿಕೊಂಡಳು. ಕೋಪದ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ.

"ಕ್ಷಮಿಸಿ ಭಾವ. ಆವತ್ತು ಹತ್ತು ನಿಮಿಷ ಕೂತಿದ್ರೆ..."

"ಅಯ್ಯೋ ಬಿಡು. ಮಂಕು ಪಟ್ಟಿ ನೋಡಿದ್ರೆ ನಾನೇ ಆದ್ರೂ ಹಾಗೇ ಬರೀತಿದ್ದೆ. ಕೆಲಸ ಅಂದ ಮೇಲೆ ತಪ್ಪು ಆಗುತ್ತೆ. ಎಲ್ಲಿ ಸಹಿ ಹಾಕಬೇಕು ತೋರಿಸು."

ಅಕ್ಕ ಚಹಾ ತಂದಿಟ್ಟು ತಂಗಿಯ ತಲೆ ಸವರಿದಳು. "ಗೊತ್ತಾದ ದಿನಾನೇ ಓಡಿ ಬಂದಿದಾಳೆ ನೋಡಿ. ಬೇರೆ ಯಾರಾದ್ರೂ ಆಗಿದ್ರೆ ತನ್ನ ಮರ್ಯಾದೆ ಹೋಗುತ್ತೆ ಅಂತ ಮುಚ್ಚಿ ಹಾಕ್ತಿದ್ರು. ನೀವು ಬೆಳೆಸಿದ್ದು ಸಾರ್ಥಕ ಆಯ್ತು."

ಅಲ್ಲಿಗೆ ಎಲ್ಲ ಮುಗಿಯಬಹುದಿತ್ತು. ಭಾವನ ಪೆನ್ನು ಕಾಗದದ ಮೇಲೆ ಇಳಿದಿತ್ತು. ಆದರೆ ಅಕ್ಕನ ಕೈ ಇನ್ನೂ ಅವಳ ತಲೆಯ ಮೇಲಿತ್ತು. ಅದನ್ನು ತಡೆದುಕೊಳ್ಳುವುದು ಅವಳಿಂದ ಆಗಲಿಲ್ಲ.

"ಭಾವ, ಸಹಿ ಹಾಕಬೇಡಿ. ಆ ದಿನಾಂಕ ಸುಳ್ಳು."

"ಯಾವ ದಿನಾಂಕ?"

"ಗೊತ್ತಾಗಿದ್ದು ಇವತ್ತಲ್ಲ. ಎರಡು ವರ್ಷ ಆಯ್ತು."

ಅಕ್ಕ ಕೈ ತೆಗೆದಳು. ಭಾವ ಪೆನ್ನಿನ ಮುಚ್ಚಳ ಹಾಕಿ, ಮತ್ತೆ ತೆಗೆದರು. ಮನಸ್ಸಿನಲ್ಲೇ ಏನನ್ನೋ ಎಣಿಸುತ್ತಿದ್ದಂತಿತ್ತು.

"ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ವಲ್ಲ. ಆಗ ಗೊತ್ತಿತ್ತಾ?"

"ಗೊತ್ತಿತ್ತು."

ಭಾವ ತಲೆಯಾಡಿಸಿದರು. ದನಿ ಏರಿಸಲಿಲ್ಲ. ಅವಳಿಗೆ ಅಪ್ಪನಂತಿದ್ದ ಮನುಷ್ಯ, ಮೂವತ್ತು ವರ್ಷದಲ್ಲಿ ಒಮ್ಮೆಯೂ ದನಿ ಏರಿಸಿದವರಲ್ಲ. "ಮೊದಲು ಬರೆದಿದ್ದಕ್ಕೆ ನನಗೆ ಏನೂ ಇಲ್ಲ, ನಿಜವಾಗ್ಲೂ ಇಲ್ಲ. ಆದ್ರೆ ನನಗೆ ಹುಚ್ಚು ಹಿಡೀತಿದೆ ಅಂತ ನಾನು ಇಲ್ಲಿ ಕೂತು ದಿನಾ ನೋಡ್ಕೋತಿದ್ದೆ. ನೀನು ಎದುರಿಗೆ ಕೂತು ಊಟ ಮಾಡ್ತಿದ್ದೆ" ಎಂದು ನಮೂನೆಯನ್ನು ಅವಳ ಕಡೆ ತಳ್ಳಿದರು. "ದಿನಾಂಕ ತಿದ್ದು. ಆಮೇಲೆ ಸಹಿ ಹಾಕ್ತೀನಿ."

ಅವಳು ತಿದ್ದಿದಳು. ಭಾವ ಸಹಿ ಹಾಕಿದರು. ಅಕ್ಕ ತಂಗಿಯ ಮುಂದಿದ್ದ ಚಹಾ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು. ಲೋಟ ಇನ್ನೂ ತುಂಬಿತ್ತು.

ಶುಕ್ರವಾರ ನಮೂನೆ ಭಂಡಾರಕ್ಕೆ ಸೇರಿತು. ನಿರ್ದೇಶಕರು ದಿನಾಂಕದ ಕಲಮ್ಮನ್ನು ಎರಡು ಸಲ ಓದಿ, ತಲೆಯೆತ್ತಿ ಅವಳನ್ನು ನೋಡಿ, ಏನನ್ನೂ ಕೇಳದೆ ಮೊಹರು ಒತ್ತಿದರು. ಕ್ಯಾಂಟೀನಿನವರು ನಾಲ್ಕು ದಿನ ಗುಸುಗುಸು ಮಾಡುತ್ತಾರೆ, ಮಾಡಲಿ. ಪ್ರೊಫೆಸರ್ ಫೋನ್ ಮಾಡಿ, ಕಳೆದೇ ಹೋಯಿತೆಂದುಕೊಂಡಿದ್ದ ಚಿತ್ರ ಸಿಕ್ಕಿತೆಂದು ಕುಣಿದಾಡಿದರು. ಅವಳು "ಆಪರೇಟರಿಗೆ ಹೇಳಿ ಸರ್, ತೆಗೆದವರು ಅವರು" ಎಂದು ನಂಬರ್ ಕೊಟ್ಟಳು. ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಎಂದು ಎರಡು ವರ್ಷ ಅಂದುಕೊಂಡಿದ್ದಳು. ಇಳಿಯಲಿಲ್ಲ, ಪಕ್ಕಕ್ಕೆ ಸರಿಯಿತು ಅಷ್ಟೇ.

ಆ ಭಾನುವಾರ ಅವಳು ಅಕ್ಕನ ಮನೆಗೆ ಹೋಗಲಿಲ್ಲ. ಕರೆಯೂ ಬರಲಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಮೂರು ಗಂಟೆಗೆ ಫೋನ್ ಬಡಿದುಕೊಂಡಾಗ ಒದ್ದೆ ಕೈಯಲ್ಲೇ ಎತ್ತಿಕೊಂಡಳು. ಅಕ್ಕನ ಮಗಳು. ಅವಳಿಗೆ ಇನ್ನೂ ಯಾರೂ ಏನೂ ಹೇಳಿರಲಿಲ್ಲ.

"ಚಿಕ್ಕಮ್ಮ, ಯಾಕೆ ಬಂದಿಲ್ಲ? ಹುಷಾರಿಲ್ವಾ? ಅಮ್ಮನ್ನ ಕೇಳಿದ್ರೆ ಮಾತೇ ಆಡಲ್ಲ. ಒಂದು ವಿಷಯ ಗೊತ್ತಾ, ಇವತ್ತು ಅಪ್ಪ ಮೊದಲನೇ ಸಲ ಮಗುನ ಎತ್ಕೊಂಡ್ರು. ನಾವು ಯಾರೂ ಹೇಳಲಿಲ್ಲ, ತಾವೇ ಕೇಳಿ ಎತ್ಕೊಂಡ್ರು."

"ಹೌದಾ" ಎಂದಳು ಷರಾ ಮೇಡಂ. ಗೋಡೆಗೆ ಒರಗಿಕೊಂಡಳು.

"ಇವನಿಗೆ ಈಗ ನಡೆಯೋ ಹುಚ್ಚಲ್ವಾ, ಒಂದು ನಿಮಿಷ ನಿಲ್ಲಲಿಲ್ಲ. ಒದ್ದಾಡಿ ಇಳಿದು ಓಡಿಬಿಟ್ಟ. ಅಪ್ಪ ಸುಮಾರು ಹೊತ್ತು ಹಾಗೇ ಕೂತಿದ್ರು. ಆಮೇಲೆ, ಹುಟ್ಟಿದಾಗ ಇವನು ಎಷ್ಟು ತೂಕ ಇದ್ದ ಅಂತ ಕೇಳಿದ್ರು. ಇದ್ದಕ್ಕಿದ್ದ ಹಾಗೆ ಅದೆಲ್ಲಿ ನೆನಪಾಯ್ತೋ. ನನಗೂ ಮರೆತುಹೋಗಿದೆ. ನಿಮಗೆ ಗೊತ್ತಾ?"

ಅವಳು ಅವನನ್ನು ಮೊದಲ ದಿನವೇ ಎತ್ತಿಕೊಂಡಿದ್ದಳು.

"ಮೂರು ಕಿಲೋ" ಎಂದಳು. "ಮೂರು ಕಿಲೋಗೆ ಚೂರು ಕಡಿಮೆ. ಏನೂ ಭಾರ ಇರಲಿಲ್ಲ ಅಂತ ಹೇಳು."